ಬಳೆ ಬಾಳೆಯಾದ ಹಾಡು

ಮಾರ್ಚ್ ತಿಂಗಳ ಒಂದು ಭಾನುವಾರ ನಮ್ಮ ಬ್ಯಾಂಡಿನ ಹೊಸ ಹಾಡಿಗೆ ದನಿ ರೆಕಾರ್ಡ್ ಮಾಡುತ್ತಿದ್ದೆವು. ಹನುಮಂತನಗರದ ನಮ್ಮ ಮನೆಯ ಮಹಡಿ ಕೋಣೆ. ಗೋಡೆಗೆ ಹಾಸಿಗೆ ಒರಗಿಸಿ, ಕಿಟಕಿಗೆ ಎರಡು ಕಂಬಳಿ ಕಟ್ಟಿ, ಫ್ಯಾನ್ ಆಫ್ ಮಾಡಿ ಬೆವರುತ್ತಾ ಕೂತಿದ್ದೆವು. ಫ್ಯಾನ್ ತಿರುಗಿದರೆ ಆ ಸದ್ದೂ ಮೈಕಿಗೆ ಬೀಳುತ್ತೆ. ತರಕಾರಿ ಗಾಡಿಯವನು ಹೋಗಲಿ ಅಂತ ಒಂದು ಸಲ, ಕೆಳಗಿನ ಮನೆಯ ಕುಕ್ಕರ್ ಕೂಗಿ ಮುಗಿಸಲಿ ಅಂತ ಇನ್ನೊಂದು ಸಲ ಕಾಯಬೇಕಾಯಿತು. ಹನ್ನೊಂದನೇ ಟೇಕ್ ಚೆನ್ನಾಗಿ ಬಂತು. ಶ್ರುತಿ ಸರಿ ಇತ್ತು, ಉಸಿರು ಸರಿ ಇತ್ತು. ಸ್ಪೀಕರಿನಲ್ಲಿ ಹಾಕಿ ಕೇಳುತ್ತಿದ್ದೆವು. ಕಾಫಿ ಕೊಡೋಕೆ ಮೇಲೆ ಬಂದ ಅಮ್ಮ ಬಾಗಿಲಲ್ಲೇ ನಿಂತರು.

"ಏನೋ ಅದು? ಬಾಳೆಕಾಯಿ ಯಾಕೆ ಸದ್ದು ಮಾಡುತ್ತೆ?"

ನಾವು ಹಾಡಿದ್ದು ಬಳೆಯ ಬಗ್ಗೆ. ಬೆಳಗಿನ ಜಾವ ಮಕ್ಕಳಿಗೆ ಎಚ್ಚರ ಆಗದ ಹಾಗೆ, ಕೈಬಳೆ ಸದ್ದು ಮಾಡದ ಹಾಗೆ ಎದ್ದು ನೀರು ಹಿಡಿಯುವ ಒಬ್ಬ ತಾಯಿಯ ಹಾಡು ಅದು. ಆದರೆ ನಮ್ಮ ಟ್ಯೂನಿನಲ್ಲಿ ಮೊದಲ ಪೆಟ್ಟು ಉದ್ದ. 'ಬ' ಅಕ್ಷರವನ್ನು ಅಲ್ಲಿ ಎಳೆಯಲೇಬೇಕಿತ್ತು. ಎಳೆದರೆ ಬಳೆ ಹೋಗಿ ಬಾಳೆ ಆಗುತ್ತೆ. ಎರಡು ತಿಂಗಳು ಅಭ್ಯಾಸ ಮಾಡಿದ್ದೇವೆ, ನಾಲ್ಕು ಜನ ಇದ್ದೇವೆ, ಒಬ್ಬರ ಕಿವಿಗೂ ಅದು ಬಿದ್ದಿರಲಿಲ್ಲ.

ಹಾಡು ಈ ಶುಕ್ರವಾರ ಬಿಡುಗಡೆ ಆಗುತ್ತಿದೆ. ಅದಕ್ಕೆ ಮುಂಚೆ ಈ ವಿಷಯ ಬರೀಬೇಕು ಅನ್ನಿಸಿತು. ಯಾಕೆಂದರೆ ಅವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಮಾತು ಓಡುತ್ತಿದೆ. ಕನ್ನಡದಲ್ಲಿ ರಾಕ್ ಹಾಡುವ ನಾವು ಹೊಸ ಮಾತು ಬರೆಯಬೇಕು. ಬರೆಯದೆ ತಪ್ಪಿಸಿಕೊಂಡು ಬಹಳ ದಿನ ಆಯಿತು.

ಸುಮ್ನೆ ನೆನಪು ಮಾಡಿಕೊಳ್ಳಿ. ಕನ್ನಡ ಬ್ಯಾಂಡ್ ಅಂದರೆ ವೇದಿಕೆ ಮೇಲೆ ನಿಮಗೆ ಕೇಳಿಸುವುದೇನು? ಶಿಶುನಾಳ ಷರೀಫರು, ಪುರಂದರದಾಸರು, ಕನಕದಾಸರು, ಒಂದೆರಡು ವಚನ, ಒಂದು ಜನಪದ ಗೀತೆ. ಗಿಟಾರ್ ಹೊಸದು, ಡ್ರಮ್ ಹೊಸದು, ಮಾತು ಹಳೆಯದು. ಇದು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. 2008ರಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟಿನ ಮೊದಲ ಆಲ್ಬಮ್ ಬಂದಾಗ ನಾನು ಕಾಲೇಜಿನಲ್ಲಿದ್ದೆ. ಷರೀಫರ ಗುಡುಗುಡಿ ಅದರಲ್ಲಿ ರಾಕ್ ಆಗಿ ಬಂತು. ಹಾಸ್ಟೆಲಿನಲ್ಲಿ ಇಂಗ್ಲಿಷ್ ಹಾಡು ಬಿಟ್ಟು ಬೇರೇನೂ ಕೇಳದ ಹುಡುಗರು ಕನ್ನಡ ಹಾಡಿಗೆ ಕುಣಿದಿದ್ದನ್ನು ಕಣ್ಣಾರೆ ನೋಡಿದ್ದೇನೆ. ನಾನು ಗಿಟಾರ್ ಹಿಡಿದಿದ್ದೇ ಅದಾದ ಮೇಲೆ. ನಮ್ಮ ಬ್ಯಾಂಡೂ ಆರು ವರ್ಷ 'ಕೋಡಗನ ಕೋಳಿ ನುಂಗಿತ್ತಾ' ಹಾಡಿಯೇ ಚಪ್ಪಾಳೆ ತಗೊಂಡಿದೆ.

ಆದರೆ ಷರೀಫರನ್ನೇ ನೋಡಿ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಅವರು ಬರೆದಿದ್ದು ಯಾವುದರ ಮೇಲೆ? ಸೋರುವ ಮಾಳಿಗೆ, ಸೇದುವ ಗುಡುಗುಡಿ. ಅವರ ಕಾಲಕ್ಕೆ ಹತ್ತಿಯ ಗಿರಣಿ ಹೊಸದು. ಅದನ್ನು ನೋಡಿ ಅದರ ಮೇಲೂ ಪದ ಕಟ್ಟಿದರು. ಕಣ್ಣ ಮುಂದೆ ಇದ್ದದ್ದನ್ನು ಹಿಡಿದೇ ದೊಡ್ಡ ಮಾತು ಹೇಳಿದರು. ನಾವು ಅವರ ಗಿರಣಿಯನ್ನು ಹಾಡುತ್ತೇವೆ, ನಮ್ಮ ಊರಿನ ಗಾರ್ಮೆಂಟ್ಸ್ ಫ್ಯಾಕ್ಟರಿಯನ್ನು ಹಾಡುವುದಿಲ್ಲ. 2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡು ತೆಗೆಯೋಕೆ ಬಿಡದ ಹೊಸ ನಿಯಮದ ವಿರುದ್ಧ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೆಂಗಳೂರಿನ ರಸ್ತೆಗೆ ಇಳಿದರು. ಯಾವ ದೊಡ್ಡ ನಾಯಕರೂ ಮುಂದೆ ಇರಲಿಲ್ಲ. ಹೊಸೂರು ರಸ್ತೆ ನಿಂತೇ ಹೋಯಿತು. ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತಗೊಂಡಿತು. ಅಷ್ಟು ದೊಡ್ಡ ಸಂಗತಿ ನಮ್ಮ ಊರಲ್ಲೇ ನಡೆದಾಗ ನಾವು ರಿಹರ್ಸಲ್ ಕೋಣೆಯಲ್ಲಿ ಕೂತು ಕೋಳಿ ಕೋಡಗನನ್ನು ನುಂಗಿದ್ದನ್ನು ಎಷ್ಟು ಜೋರಾಗಿ ಹಾಡಬಹುದು ಅಂತ ನೋಡುತ್ತಿದ್ದೆವು. ಇದು ನನಗೆ ಈಗ ನೋವು ಕೊಡುತ್ತೆ.

ಹಳೆಯ ಪದಗಳಿಗೇ ಬ್ಯಾಂಡುಗಳು ಅಂಟಿಕೊಳ್ಳೋದಕ್ಕೆ ಒಂದು ಲೆಕ್ಕಾಚಾರವೂ ಇದೆ. ನಮ್ಮ ದೇಶದ ಕಾಪಿರೈಟ್ ಕಾಯ್ದೆ ಪ್ರಕಾರ ಬರೆದವರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತೆ. ಬೇಂದ್ರೆ ಹೋಗಿದ್ದು 1981ರಲ್ಲಿ. ಅವರ ಕವಿತೆಯನ್ನು ಕೇಳದೆ ರೆಕಾರ್ಡ್ ಮಾಡಬೇಕೆಂದರೆ 2041 ಮುಗಿಯಬೇಕು. ಕುವೆಂಪು ಕವಿತೆಗೆ 2054. ಷರೀಫರಿಗೆ, ದಾಸರಿಗೆ ಆ ತಾಪತ್ರಯ ಇಲ್ಲ, ಮಾತು ಎಲ್ಲರದ್ದು. (ಮಾತು ಮಾತ್ರ. ಸಿ. ಅಶ್ವತ್ಥ್ ಹಾಕಿದ ಟ್ಯೂನ್ ಬೇರೆ ವಿಷಯ, ಅದರ ಹಕ್ಕು ಬೇರೆ. ಹೊಸ ಹುಡುಗರು ಇದನ್ನು ಮರೆತು ರಿಲೀಸ್ ಮಾಡುತ್ತಾರೆ, ಆಮೇಲೆ ಕ್ಲೇಮ್ ಬರುತ್ತೆ.) ಇನ್ನೊಂದು, ಜನಕ್ಕೆ ಆ ಮಾತು ಮೊದಲೇ ಗೊತ್ತು. ಮೊದಲ ಸಾಲಿಗೇ ಎಲ್ಲರೂ ಜೊತೆಗೆ ಹಾಡುತ್ತಾರೆ. ಹೊಸ ಹಾಡು ಶುರು ಮಾಡಿದರೆ ಅದೇ ಜನ ಫೋನ್ ನೋಡುತ್ತಾರೆ. ಆ ಮೌನ ತಡೆದುಕೊಳ್ಳುವುದು ಕಷ್ಟ, ನಿಜ.

ಮತ್ತೆ ಭಾಷೆಯ ಕಷ್ಟ. ಬೆಂಗಳೂರು ರಾಕ್ ಊರು. ಇಲ್ಲಿನ ಥರ್ಮಲ್ ಅಂಡ್ ಎ ಕ್ವಾರ್ಟರ್ ಅನ್ನೋ ಬ್ಯಾಂಡ್ 1996ರಿಂದ ಸ್ವಂತ ಹಾಡು ಮಾಡುತ್ತಿದೆ, ಇಂಗ್ಲಿಷಿನಲ್ಲಿ. ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದು ಹಾಡಿ ಹೋದರು. ನಾವೆಲ್ಲ ಆ ಮಣ್ಣು ತುಳಿದವರೇ. ಸ್ವರಾತ್ಮ ಬ್ಯಾಂಡಿನ 2009ರ ಮೊದಲ ಆಲ್ಬಮಿನಲ್ಲಿ ಕಾವೇರಿಯ ಅಳಲಿನ ಹಾಡೊಂದು ಇದೆ, ನನಗೆ ತುಂಬಾ ಇಷ್ಟ. ಅದು ಹಿಂದಿಯಲ್ಲಿದೆ. ಕಾವೇರಿ ನೀರು ಕುಡಿದು ಬೆಳೆದ ನನಗೆ ಅದನ್ನು ಕೇಳಿದಾಗಲೆಲ್ಲ ಕನ್ನಡದಲ್ಲಿ ಇದ್ದಿದ್ದರೆ ಅನ್ನಿಸುತ್ತೆ.

ತಮ್ಮ ಭಾಷೆಯಲ್ಲಿ ತಾವೇ ಬರೆದು ರಾಕ್ ಹಾಡೋದು ಕೋಲ್ಕತ್ತಾದಲ್ಲಿ 1970ರ ದಶಕದಲ್ಲೇ ಆಯಿತು. ಮೊಹಿನೇರ್ ಘೋಡಾಗುಲಿ ಅಂತ ಬ್ಯಾಂಡ್. ಹೆಸರನ್ನು ಬಂಗಾಳಿ ಕವಿ ಜೀವನಾನಂದ ದಾಸರ ಕವಿತೆಯಿಂದ ತಗೊಂಡರು. ಹಾಡಿನ ಮಾತು ಮಾತ್ರ ತಾವೇ ಬರೆದರು, ತಮ್ಮ ಊರಿನ ಮೇಲೆ. 1977ರಲ್ಲಿ ಮೊದಲ ರೆಕಾರ್ಡ್ ಬಂತು. ಆಗ ಕೇಳಿದವರು ಕಡಿಮೆ. 1990ರ ದಶಕದಲ್ಲಿ ಹೊಸ ಹುಡುಗರು ಆ ಹಾಡುಗಳನ್ನು ಮತ್ತೆ ಎತ್ತಿಕೊಂಡರು. ಬಾಂಗ್ಲಾ ರಾಕ್ ಅಂದರೆ ಇವತ್ತಿಗೂ ಮೊದಲು ಅವರ ಹೆಸರು ಹೇಳುತ್ತಾರೆ. ನಮಗೂ ಅಂಥ ಒಂದು ಬುಡ ಬೇಕು, ಅಲ್ವಾ?

ಸರಿ, ಬಳೆಗೆ ಬರುತ್ತೇನೆ.

ನಮ್ಮ ಕಷ್ಟ ಏನಂದರೆ ನಾವು ಕಿವಿಗೆ ಹಾಕಿಕೊಂಡು ಬೆಳೆದದ್ದೆಲ್ಲ ಇಂಗ್ಲಿಷ್ ರಾಕ್. ಇಂಗ್ಲಿಷಿನ ಪದ 'ಸ್ಟಾಪ್', 'ಬ್ಯಾಕ್' ಅಂತ ಬಾಯಿ ಮುಚ್ಚಿ ನಿಲ್ಲುತ್ತೆ. ಸ್ನೇರ್ ಡ್ರಮ್ಮಿನ ಪೆಟ್ಟಿಗೆ ಸರಿಯಾಗಿ ಕೂರುತ್ತೆ. ಕನ್ನಡದ ಪದ ಸ್ವರದಲ್ಲಿ ಮುಗಿಯುತ್ತೆ. ಮರ, ನದಿ, ನೀರು, ಬಳೆ. ಬಾಯಿ ತೆರೆದೇ ಇರುತ್ತೆ. ಇಂಗ್ಲಿಷ್ ಟ್ಯೂನ್ ಮನಸ್ಸಿನಲ್ಲಿಟ್ಟುಕೊಂಡು ಕನ್ನಡ ತುಂಬಿದರೆ ಸಾಲಿನ ಕೊನೆ ಜೋತು ಬೀಳುತ್ತೆ. ಇಂಗ್ಲಿಷಿನಲ್ಲಿ ಸ್ವರ ಎಳೆದರೆ ಅರ್ಥ ಕೆಡೋದು ಕಡಿಮೆ, ನಮ್ಮಲ್ಲಿ ಎಳೆದ ಕೂಡಲೇ ಬೇರೆ ಪದ ಹುಟ್ಟುತ್ತೆ. ಇದೇ ಕಾರಣಕ್ಕೆ ಕನ್ನಡ ರಾಕ್‌ಗೆ ಒಗ್ಗುವುದಿಲ್ಲ ಅಂತ ಬಹಳ ಜನ ನನಗೆ ಹೇಳಿದ್ದಾರೆ. ನಾನೂ ನಂಬಿದ್ದೆ.

ಅವತ್ತು ಅಮ್ಮ ಕಾಫಿ ಲೋಟ ಇಟ್ಟು ಸಾಲು ಓದಿ ಅಂದರು. ಹಾಡನ್ನು ಬರೆದವನು ನಮ್ಮ ಡ್ರಮ್ಮರ್. ಅವನು ಓದಿದ:

ಐದು ಗಂಟೆಗೆ ನಲ್ಲಿ ನೀರಿಗೆ
ಬಳೆಯ ಸದ್ದೇ ಇರದೆ ಎದ್ದಳು

ಅಮ್ಮ ಇನ್ನೊಂದು ಸಲ ಓದಿಸಿದರು. ಆಮೇಲೆ ಮಂಚದ ಕಟ್ಟಿಗೆ ಬೆರಳಿನಿಂದ ಬಡಿಯುತ್ತಾ ತಾವೇ ಮಾತ್ರೆ ಎಣಿಸಿದರು. ಐದು, ಮೂರು. ಗಂಟೆಗೆ, ನಾಲ್ಕು. ನಲ್ಲಿ, ಮೂರು. ನೀರಿಗೆ, ನಾಲ್ಕು. "ಇದು ಭಾಮಿನಿ ಕಣೋ! ಕುಮಾರವ್ಯಾಸನ ನಡೆ. ಇದನ್ನ ಯಾಕೋ ನಾಲ್ಕು ನಾಲ್ಕಕ್ಕೆ ಹಾಕಿ ಹಿಂಸೆ ಕೊಡ್ತಿದೀರಾ?"

ಅಮ್ಮನ ತವರು ಶಿವಮೊಗ್ಗದ ಕಡೆ. ತುಂಗೆಯ ದಂಡೆಯ ಹೊಸಹಳ್ಳಿಯಲ್ಲಿ ಗಮಕ, ಅಂದರೆ ಕಾವ್ಯವನ್ನು ರಾಗವಾಗಿ ಓದೋದನ್ನು, ಕೇಳಿಕೊಂಡು ಬೆಳೆದವರು. ಭಾಮಿನಿ ಷಟ್ಪದಿಯಲ್ಲಿ ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ನಾಲ್ಕು ಅಂತ ಸಾಲು ನಡೆಯುತ್ತೆ. ಗದುಗಿನ ಭಾರತ ಪೂರ್ತಿ ಇದೇ ನಡೆ. ಒಂದು ಗುಂಪಿಗೆ ಏಳು. ರಾಕ್ ಸಂಗೀತದಲ್ಲಿ ಏಳರ ತಾಳ ಅಂದರೆ ದೊಡ್ಡ ವಿದ್ಯೆ. ಪಿಂಕ್ ಫ್ಲಾಯ್ಡ್ 1973ರಲ್ಲಿ ದುಡ್ಡಿನ ಮೇಲೆ ಮಾಡಿದ ಹಾಡಿನಲ್ಲಿ ಆ ಏಳು ಬರುತ್ತೆ, ಅದನ್ನು ಕಲಿಯೋಕೆ ನಾವು ಕಾಲೇಜಿನಲ್ಲಿ ತಿಂಗಳುಗಟ್ಟಲೆ ಒದ್ದಾಡಿದ್ದೆವು. ಅದೇ ಏಳನ್ನು ನಮ್ಮ ಅಜ್ಜಿಯರು ರೊಟ್ಟಿ ತಟ್ಟುತ್ತಾ ಹಾಡಿಕೊಳ್ಳುತ್ತಿದ್ದರು. ನಮ್ಮ ಡ್ರಮ್ಮರ್‌ಗೆ ಛಂದಸ್ಸು ಗೊತ್ತಿಲ್ಲ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿ ಮರೆತವನು. ಆದರೂ ಅವನ ಕೈಯಲ್ಲಿ ಆ ಸಾಲು ತಾನಾಗಿ ಹಾಗೆ ಬಂದಿದೆ. ಭಾಷೆ ಒಳಗೇ ಇತ್ತು, ನಾವು ಅದರ ಮೇಲೆ ಬೇರೆಯವರ ತಾಳ ಹೊರಿಸಿದ್ದೆವು.

ಅವನು ಎರಡು ಪೆನ್ಸಿಲ್ ತಗೊಂಡು ಹಾಸಿಗೆ ಮೇಲೆ ಬಾರಿಸಲು ಶುರು ಮಾಡಿದ. ಕಾಲಲ್ಲಿ ಹೊಡೆಯುವ ಕಿಕ್ ಡ್ರಮ್ಮಿನ ಪೆಟ್ಟು ಮೂರರ ಮೊದಲಿಗೆ, ಸ್ನೇರ್ ನಾಲ್ಕರ ಮೊದಲಿಗೆ. ನಾನು ಹಾಡಿದೆ. 'ಬಳೆಯ' ಮೂರು ಸಣ್ಣ ಅಕ್ಷರ, ಟಕಟಕ ಅಂತ ಹೋಯಿತು. 'ಸದ್ದೇ' ಬಂದಾಗ ಆ ಒತ್ತಕ್ಷರ ಸರಿಯಾಗಿ ಸ್ನೇರ್ ಮೇಲೆ ಬಿತ್ತು. ಎದ್ದಳು ಕೂಡ ಹಾಗೇ. ಸದ್ದು, ಎದ್ದು, ಕಟ್ಟು, ಬಿಟ್ಟು, ಹತ್ತು. ನಮ್ಮ ಭಾಷೆಯ ಒತ್ತುಗಳು ಡ್ರಮ್ಮಿಗೇ ಮಾಡಿಸಿದ ಹಾಗಿವೆ! ಸಾಲಿನ ಕೊನೆಯ ತೆರೆದ ಸ್ವರ ಮುಂದಿನ ಮೂರಕ್ಕೆ ಕೈ ಕೊಟ್ಟು ಕರೆದುಕೊಂಡು ಹೋಯಿತು. ನನಗೆ ಮೈ ಜುಮ್ ಅಂತು.

ಬಾಡಿಗೆ ಸ್ಟುಡಿಯೋದಲ್ಲಿ ಎರಡು ದಿನ ಕೂತು ರೆಕಾರ್ಡ್ ಮಾಡಿದ್ದ ಡ್ರಮ್ ಪೂರ್ತಿ ಬಿಸಾಕಿದೆವು. ದುಡ್ಡು ಹೋಯಿತು. ಮತ್ತೆ ಹೊಂದಿಸಿಕೊಳ್ಳೋಕೆ ಎರಡು ತಿಂಗಳು ಹಿಡಿಯಿತು. ಅದರ ಬಗ್ಗೆ ನಮ್ಮಲ್ಲಿ ಯಾರಿಗೂ ಬೇಜಾರಿಲ್ಲ.

ರಿಲೀಸ್ ಮಾಡುವ ಕೆಲಸದ ಬಗ್ಗೆ ಒಂದೆರಡು ಮಾತು, ಹೊಸಬರಿಗೆ ಉಪಯೋಗ ಆಗಬಹುದು. ಇವತ್ತು ಯಾವ ಕಂಪನಿಯ ಬಾಗಿಲೂ ತಟ್ಟಬೇಕಿಲ್ಲ. ಮನೆಯಲ್ಲೇ ಕೂತು ಫಾರಂ ತುಂಬಿ ಹಾಡು ಏರಿಸಬಹುದು. ಪ್ರತಿ ರೆಕಾರ್ಡಿಂಗಿಗೂ ಅದನ್ನು ಗುರುತಿಸೋಕೆ 12 ಅಕ್ಷರ-ಅಂಕಿಯ ಐಎಸ್‌ಆರ್‌ಸಿ ಸಂಖ್ಯೆ ಸಿಗುತ್ತೆ, ಬರೆದಿಟ್ಟುಕೊಳ್ಳಿ. ಹಾಡು ಬರೆದವರ ಹೆಸರನ್ನು ಬರೆದವರ ಜಾಗದಲ್ಲೇ ಹಾಕಿ. 2012ರ ಕಾಪಿರೈಟ್ ತಿದ್ದುಪಡಿ ಆದ ಮೇಲೆ ಸಾಹಿತ್ಯ ಬರೆದವರ ರಾಯಲ್ಟಿ ಹಕ್ಕು ಗಟ್ಟಿಯಾಗಿದೆ, ಅದಕ್ಕೆ ಆ ರಾಯಲ್ಟಿ ವಸೂಲಿ ಮಾಡಿ ಹಂಚುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯತ್ವ ಮಾಡಿಸಿ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಸಲ ಕೇಳಿದ ಲೆಕ್ಕ. ಹಾಗಾಗಿ ಹಾಡು ಬೇಗ ಶುರುವಾಗಲಿ ಅಂತ ಎಲ್ಲರೂ ಬುದ್ಧಿ ಹೇಳುತ್ತಾರೆ. ನಮ್ಮ ಹಾಡಿನಲ್ಲಿ ಮಾತು ಬರೋದೇ 48ನೇ ಸೆಕೆಂಡಿಗೆ. ಅದಕ್ಕೆ ಮೊದಲು ನಲ್ಲಿಯಿಂದ ಕೊಡಕ್ಕೆ ನೀರು ಬೀಳುವ ಸದ್ದು ಇದೆ. ಅದನ್ನು ಕತ್ತರಿಸಿಲ್ಲ.

ಹೆಸರನ್ನು ಕನ್ನಡ ಲಿಪಿಯಲ್ಲೇ ಹಾಕಿದ್ದೇವೆ. ಹುಡುಕೋಕೆ ಕಷ್ಟ ಆಗುತ್ತೆ ಅಂದರು. ಹುಡುಕುವವರ ಫೋನಿನಲ್ಲಿ ಕನ್ನಡ ಕೀಬೋರ್ಡ್ ಇದೆ ಅಂತ ನಾನು ನಂಬುತ್ತೇನೆ.

ನಿಮ್ಮಲ್ಲಿ ಒಂದು ಕೇಳಿಕೆ. ಮುಂದಿನ ಸಲ ಯಾವುದೇ ಕನ್ನಡ ಬ್ಯಾಂಡ್ ನೋಡೋಕೆ ಹೋದಾಗ, 'ನಿಮ್ಮದೇ ಒಂದು ಹಾಡಿ' ಅಂತ ಕೂಗಿ. ರಾಜ್ಯೋತ್ಸವಕ್ಕೆ ಬ್ಯಾಂಡ್ ಕರೆಸುವ ಅಪಾರ್ಟ್‌ಮೆಂಟಿನವರು, ಕಾಲೇಜಿನವರು, ಅಮೆರಿಕದ ಕನ್ನಡ ಕೂಟದವರು, ಪಟ್ಟಿಯಲ್ಲಿ ಎರಡು ಹೊಸ ಹಾಡಿಗೆ ಜಾಗ ಕೊಡಿ. ಆ ಎರಡು ಹಾಡು ಮುಗಿಯೋವರೆಗೆ ಫೋನ್ ಕೆಳಗಿಡಿ. ಹಾಡುಗಾರರಿಗೆ ಅದಕ್ಕಿಂತ ಜಾಸ್ತಿ ಏನೂ ಬೇಕಿಲ್ಲ.

ಹೋದ ವಾರ ಮಿಕ್ಸ್ ಮುಗಿದ ಮೇಲೆ ಹಾಡನ್ನು ಮೊದಲು ಕೇಳಿಸಿದ್ದು ಡ್ರಮ್ಮರ್‌ನ ಅಮ್ಮನಿಗೆ. ಹಾಡು ಅವರದ್ದೇ. ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ 19 ವರ್ಷ ಟೈಲರ್ ಆಗಿದ್ದರು. ಕಾಲರ್ ಹೊಲಿಯುತ್ತಿದ್ದರು, ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ಅವರ ಮನೆ ಹಾಲಿನಲ್ಲಿ ಫೋನಿಗೆ ಸಣ್ಣ ಸ್ಪೀಕರ್ ಸಿಕ್ಕಿಸಿ ಹಾಕಿದೆವು. ನೀರಿನ ಸದ್ದು ಬಂದಾಗ ಅವರು ಅಭ್ಯಾಸಬಲದಿಂದ ಬಚ್ಚಲ ಕಡೆ ತಿರುಗಿ ನೋಡಿದರು. ಆಮೇಲೆ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಸ್ವಲ್ಪ ಹೊತ್ತು ಸೆರಗಿನ ಅಂಚು ಸರಿ ಮಾಡಿಕೊಳ್ಳುತ್ತಾ ಕೂತಿದ್ದರು.

"ಚೆನ್ನಾಗದೆ ಕಣೋ," ಅಂದರು ಮಗನಿಗೆ. "ಆದ್ರೆ ಐದು ಗಂಟೆ ಅಲ್ಲ. ನಾಲ್ಕಕ್ಕೇ ನೀರು ಬತ್ತಿತ್ತು. ನೀನು ಮಲಗಿರ್ತಿದ್ದೆ, ನಿಂಗೆಲ್ಲಿ ಗೊತ್ತಾಗ್ಬೇಕು."

ಅವನು ನನ್ನ ಮುಖ ನೋಡಿದ. ನಾನು ಬೆರಳು ಮಡಚಿ ಎಣಿಸಿದೆ. ನಾಲ್ಕು, ಮೂರು ಮಾತ್ರೆ. ಐದು, ಮೂರು ಮಾತ್ರೆ. ಕೂರುತ್ತೆ.

ಅವತ್ತು ರಾತ್ರಿಯೇ ಮತ್ತೆ ಕಂಬಳಿ ಕಟ್ಟಿ, ಫ್ಯಾನ್ ಆಫ್ ಮಾಡಿ, ಆ ಒಂದು ಪದ ಹಾಡಿದೆವು. ಶುಕ್ರವಾರ ನೀವು ಕೇಳುವ ಹಾಡಿನಲ್ಲಿ ನಾಲ್ಕು ಗಂಟೆ ಇದೆ.