ಸೈಕಲ್ ಬಂದ್ರೆ ಸದ್ದೇ ಆಗಲ್ಲ

ಮೊನ್ನೆ ಭಾನುವಾರ ನಮ್ಮ ಸೈಕಲ್ ಗ್ರೂಪಿನಲ್ಲಿ ಒಬ್ಬ ಹುಡುಗ ವಿಡಿಯೋ ಹಾಕಿದ. ನಂದಿ ಬೆಟ್ಟ ಇಳಿಯುವ ವಿಡಿಯೋ. ಹ್ಯಾಂಡಲ್‌ಗೆ ಕ್ಯಾಮೆರಾ ಕಟ್ಟಿದ್ದಾನೆ. ಮೂಲೆಯಲ್ಲಿ ವೇಗದ ಅಂಕಿ ಓಡುತ್ತಿದೆ. 52, 58, 63, ಒಂದು ಕಡೆ 71. ಕೆಳಗೆ ಸಾಲಾಗಿ ಬೆಂಕಿ ಚಿಹ್ನೆ, ಚಪ್ಪಾಳೆ, 'ಸೂಪರ್ ಗುರು'.

ನಾನು ಅದನ್ನು ಮೂರು ಸಲ ನೋಡಿದೆ. ಮೊದಲ ಸಲ ಕೂತಲ್ಲೇ ನನ್ನ ಮೈ ಅವನ ಜೊತೆ ತಿರುವಿಗೆ ವಾಲಿತು. ಅಷ್ಟು ಚೆನ್ನಾಗಿ ಇಳಿದಿದ್ದಾನೆ. ಎರಡನೇ ಸಲ ರಸ್ತೆ ನೋಡಿದೆ, ಎಲ್ಲಿ ಒದ್ದೆ, ಎಲ್ಲಿ ಎಲೆ ಬಿದ್ದಿದೆ ಅಂತ. ಮೂರನೇ ಸಲ ಒಂದೊಂದು ತಿರುವಿನಲ್ಲೂ ವಿಡಿಯೋ ನಿಲ್ಲಿಸಿದೆ. ಆ ತಿರುವಿನ ಆಚೆ ಅವನಿಗೆ ಎಷ್ಟು ದೂರ ಕಾಣುತ್ತಿತ್ತು? ಹೆಚ್ಚಿನ ಕಡೆ ಹತ್ತು ಹದಿನೈದು ಮೀಟರ್. ಅದರಾಚೆ ಬಂಡೆ, ಗಿಡ, ಅಷ್ಟೇ. ನನ್ನ ಬೆರಳು ಲೈಕ್ ಒತ್ತಲಿಲ್ಲ.

ಅವನಿಗೆ ಬೈಯುವ ಉದ್ದೇಶ ನನಗಿಲ್ಲ. ಬೈಯುವವರು ಅವನ ಮನೆಯಲ್ಲೇ ಇರುತ್ತಾರೆ. ಸೈಕಲ್ ಮೇಲೆ ಭಯ ಮತ್ತು ಖುಷಿ ಒಟ್ಟಿಗೆ ಬರುವ ಆ ಕ್ಷಣ ನನಗೂ ಬಹಳ ಇಷ್ಟ. ಅದು ಕೆಟ್ಟದ್ದು ಅಂತ ನಾನು ಒಪ್ಪುವುದಿಲ್ಲ.

ನಮ್ಮೂರು ತೀರ್ಥಹಳ್ಳಿ ಕಡೆ. ಅಪ್ಪಯ್ಯನ ಸೈಕಲ್ಲು ನನಗಿಂತ ಎತ್ತರ ಇತ್ತು. ಸೀಟು ಹತ್ತಲು ಆಗುತ್ತಿರಲಿಲ್ಲ. ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡ್ಲು ಹೊಡೆದೇ ಕಲಿತದ್ದು. ಒಂದು ಕೈ ಹ್ಯಾಂಡಲ್ ಮೇಲೆ, ಇನ್ನೊಂದು ಕೈ ಬಾರನ್ನು ತಬ್ಬಿಕೊಂಡು, ಮೈಯೆಲ್ಲ ಒಂದು ಕಡೆ ಸೊಟ್ಟ. ಮನೆಯಿಂದ ಹಳ್ಳದವರೆಗೆ ಒಂದು ಇಳಿಜಾರು. ಅದರಲ್ಲಿ ಪೆಡ್ಲು ತುಳಿಯದೆ ಬಿಟ್ಟುಬಿಟ್ಟರೆ ಅಂಗಿ ಹಿಂದೆ ಗಾಳಿ ತುಂಬಿಕೊಂಡು ಊದುತ್ತಿತ್ತು. ಕಣ್ಣಲ್ಲಿ ನೀರು. ಕೆಳಗೆ ಸೇತುವೆ ಹತ್ತಿರ ಮಣ್ಣು ಸಡಿಲ, ಅಲ್ಲಿಗೆ ಬರುವಷ್ಟರಲ್ಲಿ ನಿಲ್ಲಿಸಬೇಕು. ಎಷ್ಟು ತಡವಾಗಿ ಬ್ರೇಕ್ ಹಿಡಿಯಬಹುದು ಅನ್ನೋದೇ ಆಟ. ಒಂದು ದಿನ ತೀರಾ ತಡವಾಯಿತು. ಲಂಟಾನದ ಪೊದೆಯೊಳಗೆ ಹೋಗಿ ಬಿದ್ದೆ. ಮೊಣಕೈ ಕಿತ್ತುಹೋಗಿತ್ತು. ಮನೆಗೆ ಹೋದಾಗ ಅಮ್ಮ ಅರಿಶಿನ ಒತ್ತುತ್ತಾ "ಎಂತಕ್ಕೆ ಬೇಕಿತ್ತು ನಿಂಗೆ ಇದು?" ಅಂದಳು. ಎಂತಕ್ಕೆ ಅಂತ ಹೇಳಲು ನನಗೆ ಗೊತ್ತಿರಲಿಲ್ಲ. ಮರುದಿನ ಮತ್ತೆ ಹೋದೆ. ಆದರೆ ಎರಡು ಮಾರು ಮೊದಲೇ ಬ್ರೇಕ್ ಹಿಡಿದೆ.

ಆ ಎರಡು ಮಾರಿನ ಬುದ್ಧಿಯನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾರ್ವೆಯ ಎಲೆನ್ ಸ್ಯಾಂಡ್‌ಸೆಟರ್ ಅನ್ನುವ ಸಂಶೋಧಕಿ 2007ರಲ್ಲಿ ಮಕ್ಕಳ ಅಪಾಯದ ಆಟಗಳನ್ನು ಆರು ಬಗೆಯಾಗಿ ವಿಂಗಡಿಸಿದ್ದರು. ಎತ್ತರ ಹತ್ತುವುದು ಒಂದು, ವೇಗ ಇನ್ನೊಂದು, ದಾರಿ ತಪ್ಪಿ ಕಳೆದುಹೋಗುವ ಆಟವೂ ಒಂದು. ಇಂಥ ಆಟಗಳಲ್ಲೇ ಮಕ್ಕಳು ತಮ್ಮ ಭಯವನ್ನು ಸಂಭಾಳಿಸಲು ಕಲಿಯುತ್ತಾರೆ ಅನ್ನೋದು ಅವರ ವಾದ. ಓದಿದಾಗ ನನಗೆ ನಮ್ಮ ಹಳ್ಳದ ಇಳಿಜಾರೇ ನೆನಪಾಯಿತು.

ಆ ಇಳಿಜಾರಿನ ಬಗ್ಗೆ ಒಂದು ಮಾತನ್ನು ಮಾತ್ರ ಬಹಳ ವರ್ಷ ನಾನು ಗಮನಿಸಿರಲೇ ಇಲ್ಲ. ಮೇಲಿನಿಂದ ನೋಡಿದರೆ ಸೇತುವೆಯವರೆಗೂ ಇಡೀ ದಾರಿ ಕಾಣುತ್ತಿತ್ತು. ಯಾರಾದರೂ ಬರುತ್ತಿದ್ದರೆ ಗೊತ್ತಾಗುತ್ತಿತ್ತು. ಬಿದ್ದರೆ ನಾನೊಬ್ಬನೇ ಬೀಳುತ್ತಿದ್ದೆ.

ಇದನ್ನು ನನಗೆ ಕಲಿಸಿದ್ದು ನಂದಿ.

ಬೆಂಗಳೂರಿನ ಸೈಕಲ್ ಹುಚ್ಚಿನವರಿಗೆ ನಂದಿ ಬೆಟ್ಟ ಅಂದರೆ ಏನು ಅಂತ ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ನಗರದಿಂದ ಸುಮಾರು 60 ಕಿ.ಮೀ. ಸಮುದ್ರ ಮಟ್ಟದಿಂದ 1478 ಮೀಟರ್ ಎತ್ತರ. ಕತ್ತಲಲ್ಲೇ ಮನೆ ಬಿಟ್ಟು, ದೇವನಹಳ್ಳಿ ದಾಟಿ, ದ್ರಾಕ್ಷಿ ತೋಟಗಳ ಪಕ್ಕದಲ್ಲಿ ಹಾದು, ಬುಡಕ್ಕೆ ಬರುವಾಗ ಬೆಳಕು ಹರಿಯುತ್ತದೆ. ಆಮೇಲೆ ಏಳೆಂಟು ಕಿ.ಮೀ. ಏರು. ಎದೆ ಬಡಿತ ಕಿವಿಯಲ್ಲಿ ಕೇಳುತ್ತದೆ. ಅಷ್ಟು ಕಷ್ಟಪಟ್ಟು ಹತ್ತಿದವನಿಗೆ ಇಳಿಯುವುದು ತನಗೆ ಸಿಕ್ಕ ಬಹುಮಾನ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸುತ್ತಿತ್ತು.

ಕೆಲವು ವರ್ಷಗಳ ಹಿಂದಿನ ಮಾತು. ಆವತ್ತು ಮಂಜು ಇತ್ತು. ಮರಗಳಿಂದ ಹನಿ ಬೀಳುತ್ತಾ ರಸ್ತೆ ಅಲ್ಲಲ್ಲಿ ಒದ್ದೆ. ನಾನು ಒಳ್ಳೆಯ ಲಹರಿಯಲ್ಲಿದ್ದೆ. ಒಂದು ಎಡ ತಿರುವಿಗೆ ಮೈ ಬಾಗಿಸಿ ಇಳಿದೆ. ತಿರುವು ಮುಗಿಯುವಷ್ಟರಲ್ಲಿ ರಸ್ತೆ ಮಧ್ಯದಲ್ಲಿ ಒಬ್ಬ ಹೆಂಗಸು. ಬೆನ್ನು ನನ್ನ ಕಡೆ. ಕೈಯಲ್ಲಿ ಉದ್ದ ಕಡ್ಡಿ ಪೊರಕೆ. ತರಗೆಲೆ ಗುಡಿಸುತ್ತಿದ್ದರು.

ಕೂಗಿದೆನೋ ಇಲ್ಲವೋ ನೆನಪಿಲ್ಲ. ಎರಡೂ ಬ್ರೇಕ್ ಒತ್ತಿದೆ. ಹಿಂದಿನ ಚಕ್ರ ಜಾರಿತು. ರಬ್ಬರ್ ಸುಟ್ಟ ವಾಸನೆ ಬಂತು. ಅವರು ತಿರುಗಿ ನೋಡಿ ಪಕ್ಕಕ್ಕೆ ಹಾರಿದರು. ಪೊರಕೆ ಕೈ ಬಿಟ್ಟು ರಸ್ತೆಗೆ ಬಿತ್ತು. ನಾನು ಅದರ ಮೇಲೇ ಹಾದುಹೋದೆ. ಕಡ್ಡಿಗಳು ಚಕ್ರದ ಅಡಿಯಲ್ಲಿ ಪಟಪಟ ಮುರಿದ ಸದ್ದು ಈಗಲೂ ಕೇಳುತ್ತದೆ.

ಕೆಳಗೆ ಎಲ್ಲೋ ನಿಂತೆ. ಕೈ ನಡುಗುತ್ತಿತ್ತು, ಪೆಡಲ್‌ಗೆ ಸಿಕ್ಕಿಸಿದ್ದ ಶೂ ಬಿಡಿಸಿಕೊಳ್ಳಲೂ ಆಗಲಿಲ್ಲ. ಸೈಕಲ್ ತಳ್ಳಿಕೊಂಡು ವಾಪಸ್ ಮೇಲೆ ಹೋದೆ. ಅವರು ತಡೆಗೋಡೆ ಮೇಲೆ ಕೂತಿದ್ದರು. ನಮ್ಮ ಅಮ್ಮನ ವಯಸ್ಸು. ನಾನು ತಪ್ಪಾಯ್ತಮ್ಮ ಅಂದೆ. ಬೈತಾರೆ ಅಂದುಕೊಂಡಿದ್ದೆ. ಅವರು ಎದೆ ಮೇಲೆ ಕೈ ಇಟ್ಟುಕೊಂಡು, ಉಸಿರು ಸರಿ ಮಾಡಿಕೊಂಡು, ಇಷ್ಟೇ ಅಂದರು: "ಸೈಕಲ್ ಬಂದ್ರೆ ಸದ್ದೇ ಆಗಲ್ಲ ಕಣಪ್ಪ. ಮೋಟ್ರು ಆದ್ರೆ ಗೊತ್ತಾಯ್ತದೆ, ಪಕ್ಕಕ್ಕೆ ಸರ್ಕೊಂತೀವಿ."

ಇಳಿಯುವಾಗ ನಮಗೆ ಬಹಳ ಇಷ್ಟವಾಗುವುದು ಅದೇ ಅಲ್ವಾ? ಇಂಜಿನ್ ಇಲ್ಲ, ಹೊಗೆ ಇಲ್ಲ, ಬರೀ ಗಾಳಿ. ನಮ್ಮ ಕಿವಿಯಲ್ಲಿ ಅಷ್ಟು ದೊಡ್ಡದಾಗಿ ಭೋರ್ ಅನ್ನುವ ಗಾಳಿ ಅವರ ಕಿವಿಗೆ ಒಂದು ಚೂರೂ ತಲುಪುವುದಿಲ್ಲ.

ಮನೆಗೆ ಬಂದು ಲೆಕ್ಕ ಹಾಕಿದೆ. ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಕಣ್ಣು ನೋಡಿ ಕೈ ಬ್ರೇಕ್ ಒತ್ತುವಷ್ಟರಲ್ಲಿ ಒಂದು ಸೆಕೆಂಡ್ ಅಂತ ಇಟ್ಟುಕೊಳ್ಳಿ, ಅಲ್ಲಿಗೇ 17 ಮೀಟರ್ ಮುಗಿಯಿತು. ಆಮೇಲೆ ಒಣ ರಸ್ತೆ, ಒಳ್ಳೆಯ ಬ್ರೇಕ್ ಇದ್ದರೂ ನಿಲ್ಲಲು ಇನ್ನೂ 28 ಮೀಟರ್ ಬೇಕು. ಅದಕ್ಕಿಂತ ಜೋರಾಗಿ ಹಿಡಿದರೆ ಮುಂದಕ್ಕೆ ಪಲ್ಟಿ. ಒಟ್ಟು 45 ಮೀಟರ್. ಅದೇ 30ರ ವೇಗದಲ್ಲಿ ಎಲ್ಲ ಸೇರಿ 15 ಮೀಟರ್‌ನಲ್ಲಿ ನಿಲ್ಲಬಹುದು. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲಿನ ದೂರ ನಾಲ್ಕರಷ್ಟಾಗುತ್ತದೆ. ತಿರುವಿನಲ್ಲಿ ಕಾಣುವುದೇ 15 ಮೀಟರ್ ಆದರೆ, ಉಳಿದ 30 ಮೀಟರ್ ನಾವು ಕಣ್ಣು ಮುಚ್ಚಿ ಹೋದ ಹಾಗೆ. ಎಷ್ಟೇ ಚೆನ್ನಾಗಿ ಸೈಕಲ್ ಹೊಡೆಯುವವನಾದರೂ ಈ ಲೆಕ್ಕ ಬದಲಾಗುವುದಿಲ್ಲ.

'ರೇಸ್‌ನವರು ಇಳಿಯಲ್ವಾ ಸರ್?' ಅಂತ ಹುಡುಗರು ಕೇಳುತ್ತಾರೆ. ಇಳಿಯುತ್ತಾರೆ. 2016ರ ಟೂರ್ ದ ಫ್ರಾನ್ಸ್ ಸೈಕಲ್ ರೇಸ್‌ನಲ್ಲಿ ಬ್ರಿಟನ್ನಿನ ಸವಾರ ಕ್ರಿಸ್ ಫ್ರೂಮ್ ಪೇರಸೂರ್ದ್ ಘಾಟಿಯಲ್ಲಿ ಸೀಟು ಬಿಟ್ಟು ಬಾರಿನ ಮೇಲೆ ಕೂತು, ಎದೆಯನ್ನು ಹ್ಯಾಂಡಲ್‌ಗೆ ಒತ್ತಿ ಇಳಿದು ಆ ದಿನದ ಹಂತ ಗೆದ್ದ. ಅದಕ್ಕೆ ಸೂಪರ್ ಟಕ್ ಅಂತಾರೆ. ಅದನ್ನು ನೋಡಿದ ಮೇಲೆ ನಂದಿಯಲ್ಲೂ ಹುಡುಗರು ಬಾರಿನ ಮೇಲೆ ಕೂರಲು ಶುರು ಮಾಡಿದರು. ಕೊನೆಗೆ ಅಂತಾರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ 2021ರ ಏಪ್ರಿಲ್‌ನಿಂದ ಆ ಭಂಗಿಯನ್ನೇ ರೇಸ್‌ಗಳಲ್ಲಿ ನಿಷೇಧಿಸಿತು. ಫ್ರೂಮ್‌ಗೆ ಮುಚ್ಚಿದ ರಸ್ತೆ ಇತ್ತು. ಎದುರಿಂದ ಟೆಂಪೋ ಬರುವುದಿಲ್ಲ, ಪ್ರತಿ ಅಪಾಯದ ತಿರುವಿಗೂ ಸೀಟಿ ಊದುವವರು ಇರುತ್ತಾರೆ, ಹಿಂದೆ ಡಾಕ್ಟರ್ ಕಾರು. ಅಷ್ಟೆಲ್ಲ ಇದ್ದೂ 2023ರ ಜೂನ್‌ನಲ್ಲಿ ಟೂರ್ ದ ಸ್ವಿಸ್‌ನ ಆಲ್ಬುಲಾ ಘಾಟಿ ಇಳಿಯುವಾಗ ಜೀನೋ ಮೇಡರ್ ಕಂದಕಕ್ಕೆ ಬಿದ್ದು ಮರುದಿನ ತೀರಿಕೊಂಡ. ಸ್ವಿಟ್ಜರ್ಲೆಂಡಿನವನೇ, ಅವನ ದೇಶದ್ದೇ ರಸ್ತೆ. 26 ವರ್ಷ. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಇನ್ನು ಆ್ಯಪ್‌ಗಳ ವಿಷಯ. ಸವಾರಿಯ ದೂರ, ಸಮಯ ದಾಖಲಿಸುವ ಸ್ಟ್ರಾವಾ ಆ್ಯಪ್‌ನಲ್ಲಿ ರಸ್ತೆಯ ಒಂದೊಂದು ತುಂಡಿಗೂ ಯಾರು ಮೊದಲು, ಯಾರು ಎರಡನೇ ಅಂತ ಪಟ್ಟಿ ಇರುತ್ತದೆ. ಏರಿಗೆ ಪಟ್ಟಿ ಇರಲಿ, ನನಗೆ ತಕರಾರಿಲ್ಲ. ಏರಿನಲ್ಲಿ ಜಾಸ್ತಿ ಅಂದರೆ ನಿನ್ನ ಎದೆ ಉರಿಯುತ್ತದೆ. ಇಳಿಜಾರಿಗೆ ಯಾಕೆ? 2010ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ಹತ್ತಿರ ಒಬ್ಬ ಸವಾರ, ಇನ್ನೊಬ್ಬರ ಪಾಲಾದ ತನ್ನ ಇಳಿಜಾರಿನ ದಾಖಲೆಯನ್ನು ವಾಪಸ್ ಪಡೆಯಲು ಹೋಗಿ ಅಪಘಾತದಲ್ಲಿ ಸತ್ತ. ಅವನ ಜೀವ ಅವನೇ ಪಣಕ್ಕಿಟ್ಟ ಅನ್ನಬಹುದು. 2012ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆದದ್ದಕ್ಕೆ ಆ ಮಾತೂ ಇಲ್ಲ. ಕ್ಯಾಸ್ಟ್ರೋ ರಸ್ತೆಯ ಇಳಿಜಾರಿನಲ್ಲಿ ಜೋರಾಗಿ ಬಂದ ಸೈಕಲ್ ಸವಾರನೊಬ್ಬ, ಹೆಂಡತಿ ಜೊತೆ ರಸ್ತೆ ದಾಟುತ್ತಿದ್ದ 71 ವರ್ಷದ ಮುದುಕರಿಗೆ ಗುದ್ದಿದ. ಕೆಲವೇ ದಿನದಲ್ಲಿ ಅವರು ತೀರಿಕೊಂಡರು. ಸವಾರ ಮರುವರ್ಷ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡ. ಒಂದು ಸಾವಿರ ಗಂಟೆ ಸಮುದಾಯ ಸೇವೆ ಮಾಡುವ ಶಿಕ್ಷೆ ಆಯಿತು.

ಸೈಕಲ್ ಬಡಪಾಯಿ, ಅದು ಯಾರಿಗೆ ಏನು ಮಾಡೀತು ಅಂತ ನಾವೆಲ್ಲ ನಂಬಿದ್ದೇವೆ. ಕಾರು ಬೈಕುಗಳ ಎದುರು ನಾವು ಬಡಪಾಯಿಗಳೇ, ನಿಜ. ಕಡ್ಡಿ ಪೊರಕೆ ಹಿಡಿದು ನಿಂತವರ ಎದುರು ಅಲ್ಲ. ನನ್ನ ಸೈಕಲ್ಲು ಮತ್ತು ನಾನು ಸೇರಿ 85 ಕಿಲೋ.

ಹಾಗಂತ ಮಕ್ಕಳ ಸೈಕಲ್ಲಿಗೆ ಬೀಗ ಹಾಕಬೇಕಾ? ಬೀಗ ಹಾಕಿದ್ದರಿಂದಲೇ ಅರ್ಧ ತೊಂದರೆ ಆಗಿರುವುದು. ನಮ್ಮ ಬಡಾವಣೆಯ ಪಾರ್ಕಿನಲ್ಲಿ 'ಸೈಕಲ್ ತರಬಾರದು' ಅಂತ ಬೋರ್ಡಿದೆ. ಖಾಲಿ ಸೈಟುಗಳಿಗೆಲ್ಲ ಬೇಲಿ. ಶಾಲೆ ಮೈದಾನದ ಗೇಟು ಸಂಜೆ ಮುಚ್ಚುತ್ತಾರೆ. ಹದಿಮೂರು ಹದಿನಾಲ್ಕರ ಹುಡುಗರಿಗೆ ಉಳಿದಿರುವುದು ಮೇನ್ ರೋಡ್ ಒಂದೇ. ಅಲ್ಲೇ ಮುಂದಿನ ಚಕ್ರ ಎತ್ತುತ್ತಾರೆ. ಆಟೋ ಎದುರಿಗೆ ನೇರ ಹೋಗಿ ಕೊನೇ ಗಳಿಗೆಯಲ್ಲಿ ಕಟ್ ಹೊಡೆಯುತ್ತಾರೆ. ಇನ್ನೊಬ್ಬ ಪಕ್ಕದಲ್ಲಿ ನಿಂತು ಫೋನ್‌ನಲ್ಲಿ ಶೂಟ್ ಮಾಡುತ್ತಿರುತ್ತಾನೆ. ಆ ಫೋನ್ ಸಣ್ಣ ವಿಷಯ ಅಲ್ಲ. 2005ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಗೋ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಒಂದು ಪ್ರಯೋಗ ಮಾಡಿದ್ದರು. ಕಂಪ್ಯೂಟರ್‌ನಲ್ಲಿ ಕಾರು ಓಡಿಸುವ ಆಟ. ಹದಿಹರೆಯದವರು ಒಬ್ಬರೇ ಇದ್ದಾಗಿನದಕ್ಕಿಂತ ಗೆಳೆಯರು ಪಕ್ಕದಲ್ಲಿದ್ದಾಗ ಬಹಳ ಜಾಸ್ತಿ ಅಪಾಯಕ್ಕೆ ಕೈಹಾಕಿದರು. ದೊಡ್ಡವರಲ್ಲಿ ಅಷ್ಟು ವ್ಯತ್ಯಾಸ ಕಾಣಲಿಲ್ಲ. ಈಗ ಫೋನ್ ಮೂಲಕ ಆ ಗೆಳೆಯರು ಇಬ್ಬರು ಮೂವರಲ್ಲ, ಊರಿಡೀ.

ನನಗೆ ಬೇಕಿರುವುದು ಪ್ರತಿ ಬಡಾವಣೆಯಲ್ಲಿ ಒಂದು ಮಣ್ಣಿನ ಜಾಗ. ಉಬ್ಬು ತಗ್ಗು ಮಾಡಿ, ನಾಲ್ಕು ಲೋಡ್ ಕೆಂಪು ಮಣ್ಣು ಸುರಿದರೆ ಸಾಕು. ಬೀಳಲಿ. ಮೊಣಕಾಲು ತರಚಲಿ. ಅಲ್ಲಿ ಹಾರಿ ಬೀಳುವ ಹುಡುಗಿಗೆ ಅಡ್ಡ ಬರುವ ಅಜ್ಜಿ ಇರುವುದಿಲ್ಲ, ಲಾರಿ ಇರುವುದಿಲ್ಲ. ಒಂದು ಪಾರ್ಕಿನ ಕಾರಂಜಿಗೆ ಆಗುವ ಖರ್ಚೂ ಆಗಲಿಕ್ಕಿಲ್ಲ. ಬಡಾವಣೆ ಸಭೆಯಲ್ಲಿ ಇದನ್ನು ಎರಡು ಸಲ ಕೇಳಿದ್ದೇನೆ. ಮತ್ತೆ ಕೇಳುತ್ತೇನೆ.

ಮಗಳಿಗೆ ಈಗ ಹನ್ನೆರಡು. ಕೈ ಬಿಟ್ಟು ಸೈಕಲ್ ಹೊಡೆಯೋದು ಕಲಿಸು ಅಂತ ಎರಡು ತಿಂಗಳಿಂದ ಹಿಂದೆ ಬಿದ್ದಿದ್ದಳು. ಕಳೆದ ಶನಿವಾರ ಬೆಳಿಗ್ಗೆ ದೂರದ ಒಂದು ಖಾಲಿ ಮೈದಾನಕ್ಕೆ ಕರೆದುಕೊಂಡು ಹೋದೆ. ಸೊಂಟ ನೇರ ಇಟ್ಟುಕೋ, ಚಕ್ರ ನೋಡಬೇಡ, ದೂರ ನೋಡು ಅಂದೆ. ನಾಲ್ಕು ಸಲ ಬಿದ್ದಳು. ಐದನೇ ಸಲ ಕೈ ಬಿಟ್ಟು ಎರಡೂ ತೋಳು ಚಾಚಿ ಇಡೀ ಗೋಲ್ ಪೋಸ್ಟ್‌ವರೆಗೂ ಹೋದಳು. ನಾನು ಫೋನ್ ತೆಗೆಯಲಿಲ್ಲ. ಅವಳೂ ಕೇಳಲಿಲ್ಲ.

ಆ ಹುಡುಗನಿಗೆ ಗ್ರೂಪಿನಲ್ಲಿ ಏನೂ ಬರೆಯದೆ ಬೇರೆಯಾಗಿ ಮೆಸೇಜ್ ಮಾಡಿದೆ. ಪೊರಕೆಯ ಕತೆ ಹೇಳಿದೆ. 45 ಮೀಟರ್ ಲೆಕ್ಕ ಹೇಳಿದೆ. ಮುಂದಿನ ಭಾನುವಾರ ಜೊತೆಗೆ ಹೋಗೋಣ, ಹತ್ತುವಾಗ ನಿನಗೆ ಎಷ್ಟು ಬೇಕೋ ಅಷ್ಟು ಜೋರು, ಇಳಿಯುವಾಗ ಪ್ರತಿ ತಿರುವಿಗೂ ಬೆಲ್ ಹೊಡೆಯುತ್ತಾ ನನ್ನ ಹಿಂದೆ ಅಂದೆ. ರಾತ್ರಿಯವರೆಗೂ ಉತ್ತರ ಬರಲಿಲ್ಲ. ಬೇಜಾರಾಯಿತೇನೋ ಅಂದುಕೊಂಡೆ. ಹನ್ನೊಂದು ಗಂಟೆಗೆ ಬಂತು: "ಆಯ್ತು ಸರ್, ಬರ್ತೀನಿ. ನನ್ನ ಸೈಕಲ್ಲಿಗೆ ಬೆಲ್ಲೇ ಇಲ್ಲ, ಯಾವುದು ತಗೊಳ್ಲಿ?"