ಮೀನಿನ ಸಾರಿಗೆ ಏಳೆಂಟು ಸಾವಿರವಾ ಅನ್ನುವವರಿಗೆ

ಈಗಷ್ಟೇ ಒಂದು ರೀಲ್ಸ್ ನೋಡಿ ತಲೆ ಬಿಸಿಯಾಗಿದೆ. ಕನ್ನಡದ ಹುಡುಗನೇ. ಫ್ರಾನ್ಸಿನ ಮಾರ್ಸೇಗೆ ಹೋಗಿದ್ದಾನೆ. ವಲ್ಲೋನ್ ದೆಜೋಫ್ ಎಂಬ ಮೀನುಗಾರರ ಪುಟ್ಟ ಕೊಲ್ಲಿಯಲ್ಲಿ ಬಣ್ಣಬಣ್ಣದ ಮರದ ದೋಣಿಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡ. ಆಮೇಲೆ ಅಲ್ಲಿನ ಹೋಟೆಲಿನ ದರಪಟ್ಟಿಯಲ್ಲಿ ಬುಯಬೇಸ್ ಎಂಬ ಮೀನಿನ ಸಾರಿನ ಬೆಲೆಗೆ ಕ್ಯಾಮೆರಾ ಹಿಡಿದು "ಗೈಸ್, ಮೀನಿನ ಸಾರಿಗೆ ಏಳೆಂಟು ಸಾವಿರ, ಹಗಲು ದರೋಡೆ" ಅಂದ. ಅಲ್ಲಿಂದ ಹಳೇ ಬಂದರಿಗೆ ಬಂದು, ಬಾಗಿಲಲ್ಲೇ ಫೋಟೋ ಮೆನು ಹಿಡಿದು ಕರೆಯುವ ಜಾಗದಲ್ಲಿ, 25 ಯೂರೋಗೆ ಅದೇ ಹೆಸರಿನದ್ದನ್ನು ತಿಂದು "ಸಪ್ಪೆ, ಖಾರಾನೇ ಇಲ್ಲ" ಅಂತ ತೀರ್ಪು ಕೊಟ್ಟ.

ದರೋಡೆ ಆಗಿದ್ದು ಎರಡನೇ ಕಡೆ ಮಾರಾಯ, ಮೊದಲನೇ ಕಡೆ ಅಲ್ಲ.

ಬುಯಬೇಸ್ ಅಂದರೆ ಇದ್ದಬದ್ದ ಮೀನು ಹಾಕಿ ಕುದಿಸಿದ ನೀರಲ್ಲ. ಈ ಹೆಸರಿನಲ್ಲಿ ಏನೇನೋ ಬಡಿಸುವುದು ಮಿತಿಮೀರಿದಾಗ, 1980ರಲ್ಲಿ ಮಾರ್ಸೇಯ ಕೆಲವು ಹೋಟೆಲಿನವರೇ ಕೂತು ಒಂದು ಸನ್ನದು ಬರೆದುಕೊಂಡರು. ರಸ್ಕಾಸ್ ಎಂಬ ಚೇಳುಮೀನು, ಗಲಿನೆಟ್, ಸ್ಯಾಂ ಪಿಯೆರ್, ಬೊದ್ರುವಾ, ಕಾಂಗರ್ ಹಾವುಮೀನು ಹೀಗೊಂದು ಪಟ್ಟಿ. ಅದರಲ್ಲಿ ಕನಿಷ್ಠ ನಾಲ್ಕು ಜಾತಿ ಇರಲೇಬೇಕು. ಮೀನನ್ನು ಗಿರಾಕಿಯ ಕಣ್ಣೆದುರೇ ಬಿಡಿಸಬೇಕು. ಯಾಕೆ ಗೊತ್ತಾ? ಬಿಡಿಸಿದ ತುಂಡು ತಂದಿಟ್ಟರೆ ಅದು ಯಾವ ಮೀನು ಅಂತ ನಮಗೂ ನಿಮಗೂ ತಿಳಿಯುವುದಿಲ್ಲ. 25 ಯೂರೋದ ಬಟ್ಟಲಲ್ಲಿ ಸಾಲ್ಮನ್ ತುಂಡು ಕಂಡರೆ ಎದ್ದು ಬನ್ನಿ, ಅದು ಮೆಡಿಟರೇನಿಯನ್ ಕಡಲಿನ ಮೀನೇ ಅಲ್ಲ. ಸಾರು ಕೆನೆ ಹಾಕಿದ ಹಾಗೆ ಬೆಳ್ಳಗಿದ್ದರೂ ಅಷ್ಟೇ.

ಈಗ ಲೆಕ್ಕಕ್ಕೆ ಬನ್ನಿ. ಎಂಟು ಜನಕ್ಕೆ ಸುಮಾರು 4 ಕೆಜಿ ದೊಡ್ಡ ಮೀನು, ಅದರ ಮೇಲೆ ಸಾರಿಗೆಂದೇ 1 ಕೆಜಿ ಸಣ್ಣ ಬಂಡೆಮೀನು ಬೇಕು. ಈ ಸಣ್ಣವನ್ನು ಯಾರೂ ತಿನ್ನುವುದಿಲ್ಲ. ಆಲಿವ್ ಎಣ್ಣೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಟೊಮೇಟೊ, ಸೋಂಪಿನ ಗೆಡ್ಡೆ ಬಾಡಿಸಿ, ಮೀನನ್ನು ತಲೆ ಮುಳ್ಳು ಸಮೇತ ಹಾಕಿ, ಸೌಟಿನಲ್ಲಿ ಜಜ್ಜುತ್ತಾ ಕರಗುವ ತನಕ ಬೇಯಿಸುತ್ತಾರೆ. ಆಮೇಲೆ ನೀರು ಹಾಕಿ ಕುದಿಸಿ, ಕೈಗಿರಣಿಯಲ್ಲಿ ತಿರುವಿ ರಸ ಹಿಂಡಿ, ಸಿಪ್ಪೆ ಎಸೆಯುತ್ತಾರೆ. ಅಂದರೆ ನೀವು ಮೊದಲ ಚಮಚ ಬಾಯಿಗಿಡುವ ಮುಂಚೆಯೇ ಒಂದು ಕಿಲೋ ಮೀನು ಖರ್ಚಾಗಿ ಹೋಗಿದೆ. ಇನ್ನು ರಸ್ಕಾಸ್ ಬರೀ ತಲೆ, ದೊಡ್ಡ ಬಾಯಿ. ಬಿಡಿಸಿದರೆ ಮಾಂಸ ಸಿಗುವುದು ಹೆಚ್ಚೆಂದರೆ ಮೂರರಲ್ಲೊಂದು ಪಾಲು. ಇದರ ಮೇಲೆ ಕೇಸರಿಯ ಖರ್ಚು ಬೇರೆ. ಅರಿಸಿನದ ಬಣ್ಣ ಅಲ್ಲ, ಕೇಸರಿ.

ಬೇಯಿಸುವ ಕ್ರಮದಲ್ಲೇ ಅರ್ಧ ಜನ ಕೆಡಿಸುವುದು. ಸೋಸಿದ ರಸಕ್ಕೆ ಕೇಸರಿ, ದಪ್ಪ ಬಿಲ್ಲೆಯಾಗಿ ಹೆಚ್ಚಿದ ಆಲೂಗಡ್ಡೆ. ಅದು ಅರ್ಧ ಬೆಂದ ಮೇಲೆ ಗಟ್ಟಿ ಮೀನುಗಳು, ಅಂದರೆ ಕಾಂಗರ್, ರಸ್ಕಾಸ್, ಬೊದ್ರುವಾ. ಮೆತ್ತಗಿನ ಸ್ಯಾಂ ಪಿಯೆರ್ ಕೊನೆಯ ಐದು ನಿಮಿಷಕ್ಕೆ. ಎಲ್ಲ ಒಟ್ಟಿಗೆ ಸುರಿದರೆ ಒಂದು ಹಸಿ, ಇನ್ನೊಂದು ಪುಡಿ. ಉರಿ ಜೋರಾಗಿರಬೇಕು, ಕೊತಕೊತ ಕುದಿಯಬೇಕು. ಆ ಕುದಿತಕ್ಕೇ ಎಣ್ಣೆ ಸಣ್ಣ ಹನಿಯಾಗಿ ಒಡೆದು, ಮುಳ್ಳು ಚರ್ಮದಿಂದ ಬಿಟ್ಟ ಅಂಟು ಅದನ್ನು ಹಿಡಿದಿಟ್ಟು, ಸಾರು ದಪ್ಪವಾಗುತ್ತದೆ. ಸಣ್ಣ ಉರಿಯಲ್ಲಿಟ್ಟರೆ ಎಣ್ಣೆ ಮೇಲೆ ತೇಲಿ, ಕೆಳಗೆ ತೆಳ್ಳಗಿನ ನೀರು ಉಳಿಯುತ್ತದೆ. ಮುಂಚೆಯೇ ಮಾಡಿಟ್ಟು ಬಿಸಿ ಮಾಡಿ ಕೊಡುವ ಕಡೆ ಸಿಗುವುದು ಇದೇ. ಒಳ್ಳೆಯ ಕಡೆಗಳಲ್ಲಿ ಒಂದೆರಡು ದಿನ ಮೊದಲೇ ಹೇಳಿಡಿ ಅನ್ನುವುದು ಗತ್ತಿನಿಂದಲ್ಲ, ಮೀನು ಹೊಂದಿಸಬೇಕಲ್ಲ!

ಖಾರ ಇಲ್ಲ ಅಂದನಲ್ಲ, ಅದಕ್ಕೆ ರೂಯ್ ಅಂತ ಒಂದು ಕೆಂಪು ಚಟ್ನಿ ಇರುತ್ತದೆ. ಬೆಳ್ಳುಳ್ಳಿ, ಒಣಮೆಣಸು, ಕೇಸರಿ, ಮೊಟ್ಟೆಯ ಹಳದಿ ಕುಟ್ಟಿ, ಆಲಿವ್ ಎಣ್ಣೆಯನ್ನು ಹನಿಹನಿಯಾಗಿ ಇಳಿಸಿ ಕಡೆದದ್ದು. ಅವಸರಕ್ಕೆ ಎಣ್ಣೆ ಸುರಿದರೆ ಒಡೆದು ಹೋಗುತ್ತದೆ. ಸುಟ್ಟ ಬ್ರೆಡ್ ತುಂಡಿಗೆ ಹಸಿ ಬೆಳ್ಳುಳ್ಳಿ ಉಜ್ಜಿ, ಮೇಲೆ ರೂಯ್ ಹಚ್ಚಿ, ಬಟ್ಟಲಿಗೆ ಹಾಕಿ, ಅದರ ಮೇಲೆ ಸಾರು. ಮೊದಲು ಸಾರು, ಆಮೇಲೆ ಬೇರೆ ತಟ್ಟೆಯಲ್ಲಿ ಮೀನು. ವಿಡಿಯೋದಲ್ಲಿ ರೂಯ್ ಬಟ್ಟಲು ಮುಟ್ಟದೇ ಮೂಲೆಯಲ್ಲಿ ಕೂತಿತ್ತು, ನಾನು ನಿಲ್ಲಿಸಿ ಹಿಂದೆ ಹೋಗಿ ನೋಡಿದೆ. ಹೌದು, ನನಗೆ ಅಷ್ಟು ಸಿಟ್ಟು ಬಂದಿತ್ತು.

ಕಾಮೆಂಟಿನಲ್ಲಿ ಒಬ್ಬರು ಜಾಣರು ಬರೆದಿದ್ದಾರೆ: ಇದು ಮೂಲತಃ ಬಡ ಬೆಸ್ತರ ಊಟ, ಮಾರಾಟವಾಗದೆ ಉಳಿದ ಮುಳ್ಳುಮೀನಿನ ಸಾರು, ಇದಕ್ಕೇಕೆ ಅಷ್ಟು ದುಡ್ಡು? ನಿಜ, ಹುಟ್ಟಿದ್ದು ಹಾಗೇ. ಆದರೆ ಈಗ ಆ ಮೀನು ಉಳಿಯುವುದೇ ಇಲ್ಲವಲ್ಲ ಸ್ವಾಮಿ. ಹಿಡಿಯುವ ಸಣ್ಣ ದೋಣಿಗಳೂ ಕಮ್ಮಿ. ಆ ಬಡ ಬೆಸ್ತರ ಕೇರಿ ಎಲ್ಲಿದೆ ಅಂತ ಕೇಳಿದ್ದರೆ ಇನ್ನೂ ಚೆನ್ನಾಗಿತ್ತು. ಹಳೇ ಬಂದರಿನ ಉತ್ತರ ದಡದ ಸ್ಯಾಂ ಝಾನ್ ಕೇರಿ ಮೀನುಗಾರರದ್ದಾಗಿತ್ತು, ನೇಪಲ್ಸ್ ಕಡೆಯಿಂದ ಬಂದು ನೆಲೆಸಿದವರೂ ಬಹಳ. ಎರಡನೇ ಮಹಾಯುದ್ಧದ ನಡುವೆ, 1943ರ ಜನವರಿಯಲ್ಲಿ, ಜರ್ಮನ್ನರು ತಮ್ಮ ಜೊತೆ ಕೈಜೋಡಿಸಿದ್ದ ಫ್ರಾನ್ಸಿನ ವಿಶಿ ಸರ್ಕಾರದ ಪೊಲೀಸರ ಸಹಾಯದಿಂದ, 20 ಸಾವಿರಕ್ಕೂ ಹೆಚ್ಚು ಜನರನ್ನು ಹೊರಹಾಕಿ, ಫೆಬ್ರವರಿಯಲ್ಲಿ ಸುಮಾರು 1,500 ಕಟ್ಟಡಗಳನ್ನು ಡೈನಮೈಟ್ ಇಟ್ಟು ಉರುಳಿಸಿದರು. ಪುರಭವನದಂಥ ಕೆಲವೇ ಕಟ್ಟಡ ಉಳಿದವು. ಇವತ್ತು ಆ ದಡದಲ್ಲಿ ಸಾಲಾಗಿ ಕಾಣುವ ಕಲ್ಲಿನ ಅಪಾರ್ಟ್‌ಮೆಂಟುಗಳು ಯುದ್ಧ ಮುಗಿದ ಮೇಲೆ ಎದ್ದವು. ಜನ ಅದರ ಮುಂದೆಯೇ ನಿಂತು "ಹಳೇ ಊರಿನ ಫೀಲ್ ಸಿಗಲಿಲ್ಲ" ಅಂತ ಬೇರೆ ಬರೆಯುತ್ತಾರೆ.

ದುಡ್ಡಿಲ್ಲವೇ? ತಿನ್ನಬೇಡಿ, ಏನೂ ನಷ್ಟವಿಲ್ಲ. ಬೆಳಿಗ್ಗೆ ಹಳೇ ಬಂದರಿನ ತುದಿಯ ಕೇ ದ ಲಾ ಫ್ರತೆರ್ನಿತೆ ಎಂಬ ಕಟ್ಟೆಗೆ ಹೋಗಿ, 2013ರಲ್ಲಿ ಕಟ್ಟಿದ ಕನ್ನಡಿ ಚಪ್ಪರದ ಹತ್ತಿರ. ದೋಣಿಯಿಂದ ಇಳಿದದ್ದನ್ನು ಅಲ್ಲೇ ಮೇಜಿನ ಮೇಲೆ ಮಾರುತ್ತಾರೆ, ಬಹಳಷ್ಟು ಕಡೆ ಮನೆಯ ಹೆಂಗಸರೇ. ಮಲ್ಪೆ ಕಂಡವರಿಗೆ ಕೂಗಿ ಮಾರುವ ಆ ಗಂಟಲು ಹೊಸದಲ್ಲ. ಮಧ್ಯಾಹ್ನಕ್ಕೆ ಖಾಲಿ. ಮಿಸ್ತ್ರಾಲ್ ಎಂಬ ಉತ್ತರದ ಬಿರುಗಾಳಿ ಬೀಸಿದ ದಿನ ದೋಣಿ ಹೊರಡದಿದ್ದರೆ ಬೆಳಿಗ್ಗೆಯೂ ಖಾಲಿ. ಅಡುಗೆಮನೆ ಇರುವ ಕೋಣೆ ಹಿಡಿದಿದ್ದರೆ ಕಾಲು ಕಿಲೋ ಭೂತಾಯಿ ಮೀನು ತಂದು ಹುರಿದುಕೊಳ್ಳಿ, ನಮ್ಮದರ ಬಳಗವೇ. ರಸ್ಕಾಸ್ ಕೊಂಡರೆ ಬೆನ್ನಿನ ಮುಳ್ಳನ್ನು ಮಾರುವವರಿಂದಲೇ ಕತ್ತರಿಸಿ ಕೊಡಿ ಅನ್ನಿ, ಅದರಲ್ಲಿ ವಿಷವಿದೆ. ಚುಚ್ಚಿದರೆ ಐಸ್ ಇಡಬೇಡಿ, ಸಹಿಸುವಷ್ಟು ಬಿಸಿ ನೀರಿನಲ್ಲಿ ಕೈ ಅದ್ದಿ ವೈದ್ಯರಿಗೆ ತೋರಿಸಿ. ಆ ವಿಷ ಪ್ರೊಟೀನು, ಶಾಖಕ್ಕೆ ಕೆಡುತ್ತದೆ. ಹೋಟೆಲಿನಲ್ಲೇ ಉಣ್ಣಬೇಕಾದರೆ ಬರೀ "ಸೂಪ್ ದ ಪುವಾಸೋಂ" ಕೇಳಿ. ಅದೇ ಬಂಡೆಮೀನಿನ ರಸ, ಅದೇ ಬ್ರೆಡ್ಡು, ಅದೇ ರೂಯ್, ದೊಡ್ಡ ಮೀನಿಲ್ಲ, ಅಷ್ಟು ಬೆಲೆಯೂ ಇಲ್ಲ. ಇಷ್ಟು ಸುಲಭದ ದಾರಿ ಇರುವಾಗ ನಕಲಿಗೆ 25 ಯೂರೋ ಕೊಟ್ಟು, ಅಸಲಿಗೆ ಕಳ್ಳ ಅನ್ನುವುದು ಯಾವ ನ್ಯಾಯ?

ವಲ್ಲೋನ್ ದೆಜೋಫ್‌ಗೆ ಹಳೇ ಬಂದರಿನಿಂದ 83ನೇ ನಂಬರ್ ಬಸ್ಸು, ಅದೇ ಹೆಸರಿನ ನಿಲ್ದಾಣ. ಕಮಾನು ಸೇತುವೆಯ ಪಕ್ಕ ಮೆಟ್ಟಿಲಿಳಿದರೆ ಕೊಲ್ಲಿ. ಸಸ್ಯಾಹಾರಿ ಗೆಳೆಯರು ಊರಿನ ಉತ್ತರದ ಲೆಸ್ತಾಕ್ ಕೇರಿಗೆ ಹೋಗಿ, ಝೋಲಿಯೆತ್ ನಿಲ್ದಾಣದಿಂದ 35ನೇ ಬಸ್ಸು. ಅಲ್ಲಿ ಕಡಲ ದಂಡೆಯ ಗೂಡಂಗಡಿಗಳಲ್ಲಿ ಪನಿಸ್ ಸಿಗುತ್ತದೆ. ಕಾಬೂಲಿ ಕಡಲೆಯ ಹಿಟ್ಟನ್ನು ನೀರಲ್ಲಿ ಗೊಟಾಯಿಸಿ ಕೊಳವೆಯಾಗಿ ಗಟ್ಟಿ ಮಾಡಿ, ಬಿಲ್ಲೆ ಕತ್ತರಿಸಿ ಕರಿದದ್ದು. ಬಿಸಿಯಿರುವಾಗಲೇ ಉಪ್ಪು ಮೆಣಸುಪುಡಿ ಉದುರಿಸಿಕೊಂಡು ತಿನ್ನಿ, ಆರಿದರೆ ರಬ್ಬರು. ಕೊಳ್ಳುವ ಮುಂಚೆ ಅದೇ ಎಣ್ಣೆಯಲ್ಲಿ ಸ್ಕ್ವಿಡ್ ಕರಿದಿದ್ದಾರಾ ಅಂತ ಕೇಳಿಕೊಳ್ಳಿ.