ಇಡಬೇಕಿತ್ತು

ಬೆಳಗ್ಗೆ ಐದೂವರೆಗೆ ಅಡುಗೆಮನೆಗೆ ಕಾಲಿಟ್ಟರೆ ಅಂಗಾಲಿಗೆ ತಣ್ಣಗೆ, ಲೊಳಲೊಳ. ದೀಪ ಹಾಕಿದೆ. ಉದ್ದಿನ ದೋಸೆಯ ಹಿಟ್ಟು. ಮುಚ್ಚಳವನ್ನು ತಲೆಯ ಮೇಲೆ ಹೊತ್ತುಕೊಂಡು ಎದ್ದಿತ್ತು. ಕಟ್ಟೆಯಿಂದ ಇಳಿದು, ಡ್ರಾವರಿನ ಚಮಚಗಳನ್ನು ಮಾತಾಡಿಸಿಕೊಂಡು ನೆಲ ಸೇರಿತ್ತು. ಏಪ್ರಿಲಿನಲ್ಲಿ ಕಾಸರಗೋಡಿನ ನಮ್ಮ ಬದಿಯಡ್ಕದಲ್ಲಿ ರಾತ್ರಿಯೂ ಸೆಕೆಯೇ ಅಲ್ವಾ.

"ದೊಡ್ಡ ಪಾತ್ರೆಯಲ್ಲಿ ಇಡಬೇಕಿತ್ತು" ಎಂದಳು ಇವಳು.

ಇಡಬೇಕಿತ್ತು! ರಾತ್ರಿ ಒಂಬತ್ತಕ್ಕೆ ಇದೇ ಮಾತು ಎಲ್ಲಿ ಮಲಗಿರುತ್ತದೋ.

ಒರೆಸುತ್ತಿರುವಾಗಲೇ ಇಂಗ್ಲೆಂಡಿನಿಂದ ಅಕ್ಕನ ಮಗನ ವಿಡಿಯೋ ಕಾಲ್. ಅಲ್ಲಿ ನಡುರಾತ್ರಿ. "ಮಾವ, ಸೀಲಿಂಗ್ ನೋಡಿ!" ಕಂದು ನೊರೆ, ನಡುನಡುವೆ ಹಸುರು ಚೂರು. ಬಿಯರ್ ಅಂತೆ. ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಅಲ್ಲಿ 1963ರಿಂದ ಪರವಾನಗಿ ಬೇಡ. ಇಲ್ಲಿ ಮಾಡಿದರೆ ಅಬ್ಕಾರಿಯವರು ಬಾಗಿಲು ತಟ್ಟುತ್ತಾರೆ. ಇವನು 25 ಲೀಟರಿನ ಬಕೆಟಿಗೆ 23 ಲೀಟರ್ ಸುರಿದಿದ್ದಾನೆ. ಚಳಿ ಅಂತ ಬಾಯ್ಲರ್ ಪಕ್ಕದ ಕಪಾಟಿನಲ್ಲಿ ಇಟ್ಟಿದ್ದಾನೆ. 20 ಡಿಗ್ರಿಯ ಆಸುಪಾಸಿನಲ್ಲಿ ತನ್ನಷ್ಟಕ್ಕೆ ಕೆಲಸ ಮಾಡಿಕೊಂಡಿರಬೇಕಾದ ಯೀಸ್ಟು ಬಿಸಿಗೆ ಕುಣಿದಿದೆ. ನೊರೆ ಏರಿ, ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಚೂರು ಏರ್‌ಲಾಕಿನಲ್ಲಿ, ಅಂದರೆ ಗ್ಯಾಸು ಹೊರಬಿಡುವ ಸಣ್ಣ ಕೊಳವೆಯಲ್ಲಿ, ಸಿಕ್ಕಿಕೊಂಡು, ಗ್ಯಾಸಿಗೆ ದಾರಿಯಿಲ್ಲದೆ ಮುಚ್ಚಳವೇ ಹಾರಿದೆ.

"ದೊಡ್ಡ ಬಕೆಟಲ್ಲಿ ಇಡಬೇಕಿತ್ತು ಮಾರಾಯ" ಎಂದೆ. ಎಂದು ನಾಲಿಗೆ ಕಚ್ಚಿಕೊಂಡೆ.

ಇದರಲ್ಲೊಂದು ತತ್ವ ಇದೆ. ಅದಕ್ಕೆ ಬರುತ್ತೇನೆ. ಮೊದಲು ಭಾಗವತರ ಕಥೆ.

ನನ್ನ ಉಪನಯನದ ಹಿಂದಿನ ದಿನ. ಅಜ್ಜಿ ಮಧ್ಯಾಹ್ನದಿಂದಲೇ ಹೆಂಗಸರನ್ನು ಸರದಿಯಲ್ಲಿ ಕಡೆಯುವ ಕಲ್ಲಿನ ಮುಂದೆ ಕೂರಿಸಿದ್ದರು. ಇಡ್ಲಿಯ ಹಿಟ್ಟು ಕಲಾಯಿ ಹಾಕಿದ ಕೊಪ್ಪರಿಗೆ ತುಂಬಿ ಉಗ್ರಾಣ ಸೇರಿತು. ನಡುರಾತ್ರಿ ಕಳೆದ ಮೇಲೆ ದೂರದ ನೆಂಟರಾದ ಭಾಗವತರೊಬ್ಬರು ಎಲ್ಲೋ ಯಕ್ಷಗಾನದ ಆಟಕ್ಕೆ ಪದ ಹೇಳಿ ಬಂದರು. ಚಾವಡಿಯಲ್ಲಿ ಕಾಲಿಡಲು ಜಾಗವಿಲ್ಲ. ಯಾರನ್ನೂ ಎಬ್ಬಿಸುವುದು ಬೇಡ ಅಂತ ಕತ್ತಲಲ್ಲೇ ತಡವಿಕೊಂಡು ಉಗ್ರಾಣಕ್ಕೆ ಹೋದರು. ಕೊಪ್ಪರಿಗೆಯ ಬುಡದಲ್ಲಿ ಚಾಪೆ ಹಾಸಿ, ಜುಟ್ಟು ಬಿಚ್ಚಿ ಮಲಗಿದರು.

ಕೋಳಿ ಕೂಗುವ ಮೊದಲೇ ಭಾಗವತರು ಕೂಗಿದರು. "ಹಾವು!" ನಡುರಾತ್ರಿವರೆಗೆ ಹಾಡಿದ ಗಂಟಲು, ಆದರೂ ತಾರಸ್ಥಾಯಿ. ತಣ್ಣಗಿನದೇನೋ ಕುತ್ತಿಗೆ ಬಳಸಿ ಕಿವಿಯೊಳಗೆ ಇಳಿಯುತ್ತಿದೆಯಂತೆ. ದೊಣ್ಣೆ ಬಂತು, ಟಾರ್ಚು ಬಂತು, ಗರುಡಮಂತ್ರ ಬಲ್ಲ ದೊಡ್ಡಪ್ಪನೂ ಬಂದರು. ಬೆಳಕು ಬಿಟ್ಟರೆ ಭಾಗವತರು ಬೆಳ್ಳಗೆ. ಜುಟ್ಟು ಚಾಪೆಗೆ ಅಂಟಿ ಏಳಲಾಗುತ್ತಿಲ್ಲ. ಅಜ್ಜಿ ಅವರನ್ನು ದಾಟಿಕೊಂಡು ಹೋಗಿ ಕೊಪ್ಪರಿಗೆಗೆ ಇಣುಕಿದರು. "ಇನ್ನೂರು ಇಡ್ಲಿಗೆ ಮೋಸ ಇಲ್ಲ." ಆಮೇಲೆ ಈಚೆ ತಿರುಗಿ, "ನೀವು ಚಾವಡಿಯಲ್ಲೇ ಮಲಗಬೇಕಿತ್ತು."

ಅವರು ಆ ದಿನ ಇಡ್ಲಿ ಮುಟ್ಟಲಿಲ್ಲ. ಅವಲಕ್ಕಿ ತಿಂದರು.

ಅಳಿಯ ಈಗ ಬುದ್ಧಿವಂತನಾಗಿದ್ದಾನೆ. ಮುಂದಿನ ಸಲ ಏರ್‌ಲಾಕ್ ಬದಲು ದಪ್ಪ ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ನೀರಿನ ಜಾಡಿಯಲ್ಲಿ ಮುಳುಗಿಸುತ್ತಾನಂತೆ. ನೊರೆ ಅಲ್ಲಿಗೆ ಹೋಗಿ ಬೀಳಲಿ ಅಂತ. ನೊರೆ ಒಡೆಯಲೆಂದು ಸಿಮೆಥಿಕೋನಿನ ನಾಲ್ಕು ಹನಿಯನ್ನೂ ಹಾಕುತ್ತಾನಂತೆ. ಹಸುಗೂಸುಗಳ ಹೊಟ್ಟೆ ಉಬ್ಬರಕ್ಕೆ ಕೊಡುವುದು, ಅದೇ. ಅಕ್ಕ ಫೋನಿನಲ್ಲಿ "ಮಗ ಸೈನ್ಸ್ ಮಾಡುತ್ತಿದ್ದಾನೆ" ಎಂದು ಹಿಗ್ಗಿದಳು. ಸೀಲಿಂಗಿಗೆ ಹೊಡೆದರೆ ಸೈನ್ಸು, ನೆಲಕ್ಕೆ ಇಳಿದರೆ ಮುದುಕನ ಮರೆವು! ನನ್ನ ಹಿಟ್ಟಿನಲ್ಲಿ ಇದ್ದದ್ದೂ ಗ್ಯಾಸೇ. ಉದ್ದಿನ ಲೋಳೆ ಅದನ್ನು ಬಿಡದೆ ಹಿಡಿದುಕೊಂಡಿತು, ಅಷ್ಟೆ. ಇದನ್ನು ಹೇಳಲು ಹೋದರೆ ಅಕ್ಕನಿಗೆ ಪುರುಸೊತ್ತಿಲ್ಲ.

ಸುಮ್ನೆ ನೀರುದೋಸೆ ಮಾಡಬೇಕಿತ್ತು.

ಮಧ್ಯಾಹ್ನಕ್ಕೆ ಡ್ರಾವರಿನ ಮೂಲೆಯ ಹಿಟ್ಟು ಒಣಗಿ ಸಿಮೆಂಟಾಗಿದೆ. ಚೂರಿಯ ತುದಿಯಿಂದ ಕೆರೆಯುತ್ತಾ ಕೂತಿದ್ದೇನೆ. ಇವಳು ಬಂದಳು, ಸೊಂಟಕ್ಕೆ ಕೈಯಿಟ್ಟು ನೋಡಿದಳು.

"ಹಸಿ ಇರುವಾಗಲೇ ಒರೆಸ..."